ಕ್ಲೇಮಾಶ್ವ ಬಂಧನ ಮೀಮಾಂಸೆ

ಶಾಸ್ತ್ರ ಬರೆಯಲು ಹೊರಟವನು ಮೊದಲು ನಾಲ್ಕು ಅನುಬಂಧಗಳನ್ನು ಹೇಳಿ ಮುಗಿಸಬೇಕೆಂಬುದು ಹಿರಿಯರು ಹಾಕಿಕೊಟ್ಟ ಪದ್ಧತಿ. ಹೇಳಿಬಿಡುತ್ತೇವೆ. ವಿಷಯ: ಅಮೆರಿಕದ ರೇಸ್‌ಕೋರ್ಸುಗಳಲ್ಲಿ ಕ್ಲೇಮಿಂಗ್ ರೇಸಿನ ಮೂಲಕ ಕೈ ಬದಲಾದ ಕುದುರೆಯ ಮೇಲೆ ಬೀಳುವ ಕಟ್ಟುಪಾಡುಗಳು. ಪ್ರಯೋಜನ: ಕುದುರೆ ಇಲ್ಲದವರಿಗೆ ಏನೂ ಇಲ್ಲ, ಇರುವವರಿಗೆ ವಕೀಲರ ಫೀಜಿನಲ್ಲಿ ಅಲ್ಪಸ್ವಲ್ಪ ಉಳಿತಾಯ. ಸಂಬಂಧ: ಪ್ರತಿಪಾದ್ಯ–ಪ್ರತಿಪಾದಕ ಭಾವ ಎಂದು ಬರೆಯುವುದು ವಾಡಿಕೆ, ಬರೆದಿದ್ದೇವೆ. ಅಧಿಕಾರಿ: ಶಮದಮಾದಿ ಸಂಪತ್ತು ಉಳ್ಳವನಲ್ಲ, ರೇಸ್‌ಕೋರ್ಸಿನ ಖಾತೆಯಲ್ಲಿ ಕುದುರೆಯ ಪೂರ್ತಿ ಬೆಲೆಯನ್ನು ಮುಂಗಡವಾಗಿ ಇಟ್ಟವನು. ಸಾಧನಚತುಷ್ಟಯದ ಪೈಕಿ ಅವನಿಗೆ ವೈರಾಗ್ಯವೊಂದನ್ನು ಬಿಟ್ಟು ಉಳಿದದ್ದೆಲ್ಲ ಇದ್ದರೆ ಒಳ್ಳೆಯದು.

ಪೂರ್ವಾಚಾರ್ಯರು ಈ ವಿಷಯದಲ್ಲಿ ನಮಗೆ ಹೆಚ್ಚು ನೆರವಾಗುವುದಿಲ್ಲ. ಶಾಲಿಹೋತ್ರನೂ ನಕುಲನೂ ಜಯದತ್ತನೂ ಸುಳಿ, ಬಣ್ಣ, ಹಲ್ಲು, ನಡೆ, ರೋಗಗಳ ಬಗ್ಗೆ ಹೇಳಿದರೇ ಹೊರತು ಮಾಲೀಕನ ಖಾತೆಯ ಬಗ್ಗೆ ಹೇಳಲಿಲ್ಲ. ಕೌಟಿಲ್ಯನೊಬ್ಬ ಹತ್ತಿರ ಬಂದಿದ್ದ. ಅರ್ಥಶಾಸ್ತ್ರದ ಅಶ್ವಾಧ್ಯಕ್ಷನು ಲಾಯದ ಕುದುರೆಗಳನ್ನು ಅವು ಬಂದ ದಾರಿಯ ಪ್ರಕಾರ ಬರೆದಿಡಬೇಕು: ಪಣ್ಯಾಗಾರದಿಂದ ಬಂದದ್ದು, ಕ್ರಯಕ್ಕೆ ಕೊಂಡದ್ದು, ಯುದ್ಧದಲ್ಲಿ ಸಿಕ್ಕಿದ್ದು, ಲಾಯದಲ್ಲೇ ಹುಟ್ಟಿದ್ದು, ಸಹಾಯಕ್ಕೆಂದು ಬಂದದ್ದು, ಒತ್ತೆಯಾಗಿ ನಿಂತದ್ದು, ಸ್ವಲ್ಪ ಕಾಲಕ್ಕೆಂದು ಇರಿಸಿಕೊಂಡದ್ದು, ಹೀಗೆ ಏಳು. ಕ್ಲೇಮಾದ ಕುದುರೆ ಈ ಏಳರಲ್ಲಿ ಯಾವುದು? ಹಣ ಕೊಟ್ಟದ್ದರಿಂದ ಕ್ರಯೋಪಾಗತ. ಸೆಣಸಾಟದ ನಡುವೆ ಎದುರಾಳಿಯ ಕೈಯಿಂದ ಕಿತ್ತುಕೊಂಡದ್ದರಿಂದ ಆಹವಲಬ್ಧ. ಮುಂದಿನ ತಿಂಗಳು ಇನ್ನೊಬ್ಬ ಹೀಗೆಯೇ ಒಯ್ಯಬಹುದಾದ್ದರಿಂದ ಯಾವತ್ಕಾಲಿಕ. ಒಂದೇ ಪ್ರಾಣಿ ಮೂರು ಕಲಮಿನಲ್ಲಿ ಬಿದ್ದರೆ ಲೆಕ್ಕದ ಪುಸ್ತಕ ಕೆಡುತ್ತದೆ. ಆದ್ದರಿಂದ ಎಂಟನೆಯದೊಂದನ್ನು, ಕ್ಲೇಮಲಬ್ಧ ಎಂಬುದನ್ನು, ಸೇರಿಸಿ ಮುಂದುವರಿಯುತ್ತೇವೆ. ಸಂಧಿ ಸರಿಯೇ ಎಂದು ವೈಯಾಕರಣರು ಕೇಳಬಾರದು.

ಲಾಭ ಪ್ರಕರಣ

ಬಂಧನ ತಿಳಿಯಬೇಕಾದರೆ ಮೊದಲು ಕುದುರೆ ಕೈಗೆ ಬರುವ ಬಗೆ ತಿಳಿಯಬೇಕು. ಕ್ಲೇಮಿಂಗ್ ರೇಸಿಗೆ ಹೆಸರು ಕೊಟ್ಟ ಕುದುರೆಗಳೆಲ್ಲ ಮಾರಾಟಕ್ಕಿವೆ. ಬೆಲೆ ರೇಸ್ ಕಾರ್ಡಿನಲ್ಲೇ ಅಚ್ಚಾಗಿರುತ್ತದೆ; ಚೌಕಾಸಿ ಇಲ್ಲ, ದಲ್ಲಾಳಿ ಇಲ್ಲ, ಮಾರುವವನ ಒಪ್ಪಿಗೆಯನ್ನು ಕೇಳುವವರೂ ಇಲ್ಲ. ಉತ್ತರ ಅಮೆರಿಕದ ಓಟಗಳಲ್ಲಿ ಹೆಚ್ಚುಕಡಿಮೆ ಅರ್ಧ ಈ ಜಾತಿಯವೇ.

ಏರ್ಪಾಡಿನ ಹಿಂದಿನ ಯುಕ್ತಿ ಮೆಚ್ಚತಕ್ಕದ್ದು. 50,000 ಡಾಲರ್ ಬಾಳುವ ಕುದುರೆಯನ್ನು 10,000 ಡಾಲರಿನ ಓಟಕ್ಕೆ ಬಿಟ್ಟು ಬಹುಮಾನ ಬಾಚಿಕೊಳ್ಳುವ ಆಸೆ ಒಬ್ಬನಿಗೆ ಹುಟ್ಟಿತು ಎನ್ನೋಣ. ಪಕ್ಕದ ಲಾಯದವನು 10,000 ಕಟ್ಟಿ ಕುದುರೆಯನ್ನೇ ಹೊಡೆದುಕೊಂಡು ಹೋಗುತ್ತಾನೆ. ಬೆಂಗಳೂರಿನಲ್ಲೂ ಮೈಸೂರಿನಲ್ಲೂ ಕುದುರೆಗೆ ರೇಟಿಂಗ್ ಕೊಟ್ಟು, ಕ್ಲಾಸ್ ಹಂಚಿ, ಬೆನ್ನ ಮೇಲೆ ತೂಕ ಹೇರುವ ಕೆಲಸಕ್ಕೆ ಹ್ಯಾಂಡಿಕ್ಯಾಪರ್ ಎಂಬ ಅಧಿಕಾರಿ ಇದ್ದಾನೆ. ಸೋತವರೆಲ್ಲ ಅವನನ್ನು ಬೈದುಕೊಳ್ಳುತ್ತಾರೆ. ಅಮೆರಿಕದಲ್ಲಿ ಆ ಕೆಲಸವನ್ನು ಮಾಲೀಕನ ಹೆದರಿಕೆಗೆ ವಹಿಸಿದ್ದಾರೆ. ಸಂಬಳ ಉಳಿಯಿತು, ಬೈಗುಳವೂ ಉಳಿಯಿತು.

ಕೊಳ್ಳಬಯಸುವವನು ಓಟಕ್ಕೆ ಸುಮಾರು ಕಾಲು ಗಂಟೆ ಮೊದಲು ಚೀಟಿ ತುಂಬಿ, ಲಕೋಟೆಯಲ್ಲಿ ಹಾಕಿ, ಸಮಯದ ಮುದ್ರೆ ಒತ್ತಿಸಿ, ಬೀಗ ಹಾಕಿದ ಪೆಟ್ಟಿಗೆಗೆ ಇಳಿಬಿಡಬೇಕು. ಇಳಿಬಿಟ್ಟ ಮೇಲೆ ಹಿಂತೆಗೆತವಿಲ್ಲ. ಕುದುರೆಯ ಹೆಸರಿನ ಕಾಗುಣಿತ ತಪ್ಪಿದರೆ ಚೀಟಿ ಕಸದ ಬುಟ್ಟಿಗೆ ಹೋಗಬಹುದು. ಕಾಗುಣಿತಕ್ಕೆ ಇಷ್ಟು ಬೆಲೆ ಕೊಡುವ ಸಂಸ್ಥೆಯನ್ನು ನಾವು ವಿಶ್ವವಿದ್ಯಾಲಯಗಳಲ್ಲೂ ಕಂಡಿಲ್ಲ. ಚೀಟಿ ಹಾಕುವ ಮೊದಲು ಲಾಯಕ್ಕೆ ಹೋಗಿ ಕಾಲು ಮುಟ್ಟಿ ನೋಡುವಂತಿಲ್ಲ, ವೈದ್ಯರನ್ನು ಕರೆದೊಯ್ಯುವಂತಿಲ್ಲ. ತಟ್ಟಿ ನೋಡದೆ ಹಲಸಿನಕಾಯಿ ಕೊಳ್ಳುವ ವ್ಯಾಪಾರ. ಹಲವು ನಿಯಮಾವಳಿಗಳು ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಕಾರ್ಡಿನಲ್ಲಿ ಏನೇ ಅಚ್ಚಾಗಿದ್ದರೂ ಕುದುರೆಯ ವಯಸ್ಸು ಎಷ್ಟು, ಅದು ಗಂಡೋ ಹೆಣ್ಣೋ ಎಂದು ನಿಶ್ಚಯಿಸಿಕೊಳ್ಳುವ ಹೊಣೆ ಕೊಳ್ಳುವವನದೇ ಎಂದು ಬರೆದು ಕೈತೊಳೆದುಕೊಂಡಿವೆ. ಮುಟ್ಟದೆ ನಿಶ್ಚಯಿಸುವುದು ಹೇಗೆಂಬುದಕ್ಕೆ ವೃತ್ತಿಕಾರರು ಯಾರೂ ವ್ಯಾಖ್ಯಾನ ಬರೆದಿಲ್ಲ.

ಒಂದೇ ಕುದುರೆಗೆ ಹಲವರು ಚೀಟಿ ಹಾಕಿದರೆ ಅಂಕಿ ಬರೆದ ಗುಂಡುಗಳನ್ನು ಕುಲುಕಿ ಒಂದನ್ನು ಎತ್ತುತ್ತಾರೆ. ವಾಡಿಕೆಯ ನಿಯಮದಲ್ಲಿ, ಗೇಟು ತೆರೆದು ಕುದುರೆ ಓಟಕ್ಕಿಳಿದ ಗಳಿಗೆಯಲ್ಲೇ ಸ್ವಾಮ್ಯ ಹೊಸಬನಿಗೆ ದಾಟುತ್ತದೆ. ಆ ಓಟದ ಬಹುಮಾನದ ಹಣ ಮಾತ್ರ ಹಳೆಯ ಮಾಲೀಕನದು. ಅಂದರೆ ಒಂದೂವರೆ ನಿಮಿಷದ ಮಟ್ಟಿಗೆ ಕುದುರೆ ಒಬ್ಬನದು, ಅದರ ಓಟ ಇನ್ನೊಬ್ಬನದು. ಧರ್ಮಿ ಮತ್ತು ಧರ್ಮ ಇಷ್ಟು ಸ್ಪಷ್ಟವಾಗಿ ಬೇರೆಯಾಗುವ ಉದಾಹರಣೆಗಾಗಿ ನೈಯಾಯಿಕರು ಶತಮಾನಗಟ್ಟಲೆ ಮಡಕೆಯನ್ನು ನೋಡುತ್ತ ಕುಳಿತಿದ್ದರು.

ಮೌಲ್ಯಬಂಧ

ಇಲ್ಲಿಂದ ಬಂಧನಗಳು. ರೇಸಿನವರು ಇಡೀ ಅವಸ್ಥೆಯನ್ನು ಜೈಲು ಎನ್ನುತ್ತಾರೆ. ಕುದುರೆ ಜೈಲಿನಲ್ಲಿದೆ, ಇಷ್ಟನೇ ತಾರೀಖು ಜೈಲಿನಿಂದ ಬರುತ್ತದೆ ಎಂದು ಟ್ರೇನರುಗಳು ಕಾಫಿ ಕುಡಿಯುತ್ತ ಮಾತಾಡಿಕೊಳ್ಳುವುದು ಸಾಮಾನ್ಯ.

ಮೊದಲ ಬಂಧ ಬೆಲೆಯದು. ಬಹುಕಾಲ ಬಹು ರಾಜ್ಯಗಳಲ್ಲಿ ನಡೆದುಬಂದ ರೂಪ ಹೀಗೆ: ಕ್ಲೇಮಾದ ಕುದುರೆ ಮುಂದಿನ 30 ದಿನ ಕ್ಲೇಮಿಂಗ್ ರೇಸಿನಲ್ಲಿ ಓಡುವುದಾದರೆ, ಕೊಂಡ ಬೆಲೆಗಿಂತ ಶೇ. 25ರಷ್ಟಾದರೂ ಹೆಚ್ಚಿನ ಬೆಲೆಗೆ ಓಡಬೇಕು. 10,000ಕ್ಕೆ ಕೊಂಡದ್ದು 12,500ಕ್ಕೆ, 16,000ಕ್ಕೆ ಕೊಂಡದ್ದು 20,000ಕ್ಕೆ. ಇದನ್ನೇ ಲಕ್ಷಣವೆಂದು ಬರೆದುಬಿಟ್ಟರೆ ಅವ್ಯಾಪ್ತಿ ದೋಷ, ಏಕೆಂದರೆ ಕೊಂಡ ಬೆಲೆಗಿಂತ ಕೆಳಗಿಳಿಯದಿದ್ದರೆ ಸಾಕು ಎನ್ನುವ ಸೌಮ್ಯ ಶಾಖೆಗಳೂ ಇವೆ. 30ಕ್ಕಿಂತ ಕಡಿಮೆ ದಿನಕ್ಕೆ ಬಿಟ್ಟುಬಿಡುವ ಶಾಖೆಗಳೂ ಇವೆ. ಹೆಚ್ಚಿನ ಬೆಲೆಗೆ ಓಡುವುದೇ ಲಕ್ಷಣ ಎಂದರೆ ಅತಿವ್ಯಾಪ್ತಿ, ಏಕೆಂದರೆ ಚೆನ್ನಾಗಿ ಓಡುವ ಯಾವ ಕುದುರೆಯೂ ತಾನಾಗಿ ಮೇಲಕ್ಕೆ ಹೋಗುತ್ತದೆ. ಆದ್ದರಿಂದ ಸೂತ್ರವನ್ನು ನಾವೇ ಹೊಸೆಯುತ್ತೇವೆ: ಕೊಂಡವನು ತಾನು ಕೊಟ್ಟ ಬೆಲೆಯನ್ನು ಕೆಲವು ದಿನ ಅಲ್ಲಗಳೆಯಲಾರದ ಸ್ಥಿತಿಯೇ ಮೌಲ್ಯಬಂಧ.

ಶೇ. 25 ಎಂಬ ಅಂಕಿಯ ಮೇಲೆ ಒಂದು ಮಾತು. ಅಮೆರಿಕದ ಕ್ಲೇಮಿಂಗ್ ಬೆಲೆಗಳ ಏಣಿಯನ್ನು ನೋಡಿ: 8,000, 10,000, 12,500, 16,000, 20,000, 25,000, 32,000, 40,000, 50,000, 62,500. ಎಂಟರಿಂದ ಹತ್ತಕ್ಕೆ ಕಾಲು ಭಾಗದ ಏರಿಕೆ, ಹತ್ತರಿಂದ ಹನ್ನೆರಡೂವರೆಗೆ ಕಾಲು ಭಾಗ, ನಲವತ್ತರಿಂದ ಐವತ್ತಕ್ಕೂ ಅಲ್ಲಿಂದ ಅರವತ್ತೆರಡೂವರೆಗೂ ಅಷ್ಟೇ. ಹನ್ನೆರಡೂವರೆಯಿಂದ ಹದಿನಾರಕ್ಕೆ, ಇಪ್ಪತ್ತೈದರಿಂದ ಮೂವತ್ತೆರಡಕ್ಕೆ ಹೋಗುವಾಗ ಮಾತ್ರ ಶೇ. 28. ಆದ್ದರಿಂದ ಜೈಲೆಂದು ಹೆದರಿಸುವ ಶಿಕ್ಷೆಯ ಪ್ರಮಾಣ ಸರಿಯಾಗಿ ಒಂದು ಮೆಟ್ಟಿಲು. ಕೊಂಡವನು ಒಂದು ಮೆಟ್ಟಿಲು ಹತ್ತಿ ನಿಲ್ಲಬೇಕು, ಅಷ್ಟೆ.

ಪೂರ್ವಪಕ್ಷಿ ಕೇಳುತ್ತಾನೆ: ಹಣ ಕೊಟ್ಟು ಕೊಂಡ ವಸ್ತುವನ್ನು ನಾನು ಎಷ್ಟಕ್ಕೆ ಬೇಕಾದರೂ ಓಡಿಸುತ್ತೇನೆ, ಕೇಳಲು ನೀವು ಯಾರು? ಸಿದ್ಧಾಂತಿ ಪೆನ್ಸಿಲು ತೆಗೆಯುತ್ತಾನೆ. ಒಬ್ಬ 10,000ಕ್ಕೆ ಕುದುರೆ ಕೊಂಡ. ವಾರ ಕಳೆದು 8,000ದ ಓಟಕ್ಕೆ ಇಳಿಸಿದ. ಎದುರಿಗೆ ಬಡಕಲು ಕುದುರೆಗಳು, ಗೆದ್ದಿತು. ಬಹುಮಾನದ ಒಟ್ಟು ಹಣ 20,000, ಗೆದ್ದವನ ಪಾಲು ಶೇ. 60 ಎಂದಿಟ್ಟುಕೊಂಡರೆ 12,000 ಕೈಗೆ ಬಂತು. ಕುದುರೆಯನ್ನು ಯಾರೋ 8,000ಕ್ಕೆ ಒಯ್ದರು. ಹತ್ತು ಹಾಕಿದವನಿಗೆ ಇಪ್ಪತ್ತು. ಒಯ್ದವನೂ ಇದೇ ಲೆಕ್ಕ ಹಾಕಿ 6,250ಕ್ಕೆ ಇಳಿಸುತ್ತಾನೆ. ಹೀಗೆ ಪ್ರತಿ ವಾರ ಒಬ್ಬೊಬ್ಬ ಲಾಭ ಮಾಡುತ್ತ, ಪ್ರತಿ ವಾರ ಕುದುರೆ ಒಂದು ಮೆಟ್ಟಿಲು ಜಾರುತ್ತ ಹೋದರೆ, ಕೊನೆಯ ಮೆಟ್ಟಿಲಿನಲ್ಲಿ ಅದರ ಕಾಲು ಯಾವ ಸ್ಥಿತಿಯಲ್ಲಿರುತ್ತದೆ ಎಂಬುದನ್ನು ಯಾರೂ ಕೇಳಬೇಕಾಗಿಲ್ಲ. ಜಾರುವ ಆತುರಕ್ಕೆ ಒಂದು ತಿಂಗಳ ತಡೆ ಹಾಕುವುದೇ ಮೌಲ್ಯಬಂಧದ ಪ್ರಯೋಜನ. ನಿಯಮ ಮಾಡಿದವರ ಮನಸ್ಸಿನಲ್ಲಿ ಆಗ ಕುದುರೆಗಿಂತ ಓಟದ ನ್ಯಾಯ ದೊಡ್ಡದಾಗಿತ್ತು ಎಂಬುದು ನಮ್ಮ ಅನುಮಾನ. ಫಲ ಮಾತ್ರ ಎರಡಕ್ಕೂ ಸ್ವಲ್ಪ ಸ್ವಲ್ಪ ದಕ್ಕಿತು.

ಈ ತಡೆ ಸಾಲದೆ ಹೋದ ಕಾಲವೂ ಇದೆ. ಇಲ್ಲಿ ತಮಾಷೆಯನ್ನು ಸ್ವಲ್ಪ ಪಕ್ಕಕ್ಕಿಡುತ್ತೇವೆ. 2011ರ ಅಕ್ಟೋಬರಿನಲ್ಲಿ ನ್ಯೂಯಾರ್ಕಿನ ಆಕ್ವಿಡಕ್ಟ್ ರೇಸ್‌ಕೋರ್ಸಿನ ಮಗ್ಗುಲಲ್ಲೇ ಕ್ಯಾಸಿನೊ ತೆರೆಯಿತು. ಅದರ ವರಮಾನದ ಪಾಲು ಬಹುಮಾನಕ್ಕೆ ಹರಿದು, 7,500 ಡಾಲರ್ ಬೆಲೆಯ ಕುದುರೆಗಳು ತಮ್ಮ ಬೆಲೆಯ ಮೂರು ಪಟ್ಟಿಗಿಂತ ದೊಡ್ಡ ಬಹುಮಾನಕ್ಕೆ ಓಡತೊಡಗಿದವು. ಕುದುರೆಗಿಂತ ಓಟ ದುಬಾರಿಯಾದರೆ ಕುದುರೆ ಖರ್ಚಿನ ಬಾಬತ್ತಾಗುತ್ತದೆ. ಆ ವರ್ಷದ ನವೆಂಬರ್ 30ರಿಂದ ಮುಂದಿನ ಮಾರ್ಚ್ 18ರ ನಡುವೆ ಅಲ್ಲಿ 21 ಕುದುರೆಗಳು ಸತ್ತವು. ರಾಜ್ಯ ನೇಮಿಸಿದ ಕಾರ್ಯಪಡೆ 2012ರ ಸೆಪ್ಟೆಂಬರಿನಲ್ಲಿ ವರದಿ ಕೊಟ್ಟಿತು; ಬಹುಮಾನಕ್ಕೂ ಕ್ಲೇಮಿನ ಬೆಲೆಗೂ ಇರಬೇಕಾದ ಅನುಪಾತದ ಪ್ರಶ್ನೆಯನ್ನು ಅದು ಎತ್ತಿತು.

ಬಂಧದಲ್ಲಿ ನಾಲ್ಕು ನಡೆ

ಜೈಲಿನ ಅವಧಿಯಲ್ಲಿ ಕೊಂಡವರು ನಡೆದುಕೊಳ್ಳುವ ರೀತಿಯಿಂದ ಅವರು ನಾಲ್ಕು ವಿಧ. ತಾಪಸರು ಕುದುರೆಯನ್ನು ಲಾಯದಲ್ಲೇ ಇಟ್ಟು, ಮೇವು ಹಾಕಿ, ಮುಂಜಾನೆ ವ್ಯಾಯಾಮ ಮಾಡಿಸಿ, ದಿನ ಎಣಿಸುತ್ತಾರೆ. ಟ್ರೇನರಿನ ದಿನದ ಬಿಲ್ಲು ಅವರ ತಪಸ್ಸಿನ ದಕ್ಷಿಣೆ. ಪ್ರಾಜ್ಞರು ಬೆಲೆಯೇ ಇಲ್ಲದ ಓಟಗಳಿಗೆ, ಅಂದರೆ ಅಲೋವೆನ್ಸ್, ಸ್ಟೇಕ್ಸ್ ಮುಂತಾದವಕ್ಕೆ ಬಿಡುತ್ತಾರೆ. ಬೆಲೆ ಇಲ್ಲದ ಕಡೆ ಮೌಲ್ಯಬಂಧ ಹಿಡಿಯಲಾರದು. ಕುದುರೆ ಗೆಲ್ಲಲಾರದು ಎಂಬುದು ಬೇರೆ ಮಾತು. ಪಲಾಯಿತರು 31ನೆಯ ದಿನ ಬೆಳಗಾಗುವುದನ್ನೇ ಕಾದು, ಕೊಂಡ ಬೆಲೆಯ ಅರ್ಧಕ್ಕೆ ಇಳಿಸಿಬಿಡುತ್ತಾರೆ. ಇವರ ಕುದುರೆಯನ್ನು ಅಂದು ಕೊಳ್ಳಬೇಡಿ. ಜೈಲಿನಿಂದ ಬಂದ ಮರುದಿನವೇ ಇಷ್ಟು ಅಗ್ಗವಾದ ಕುದುರೆಗೆ ಏನೋ ಆಗಿದೆ ಎಂದು ರೇಸಿಂಗ್ ಪತ್ರಿಕೆ ಓದುವ ಎಲ್ಲರಿಗೂ ಗೊತ್ತು.

ನಾಲ್ಕನೆಯವರು ಊರ್ಧ್ವಗಾಮಿಗಳು. ಇವರು ನಿಯಮ ಹೇಳುವ ಮೊದಲೇ ಮೇಲಕ್ಕೆ ಹತ್ತಿಯಾಗಿರುತ್ತದೆ. 1943ರಲ್ಲಿ ಹರ್ಷ್ ಜೇಕಬ್ಸ್ ಎಂಬ ಟ್ರೇನರ್ ಸ್ಟೈಮಿ ಎಂಬ ಕುದುರೆಯನ್ನು 1,500 ಡಾಲರಿಗೆ ಕ್ಲೇಮ್ ಮಾಡಿದ. ಅದು ಗಳಿಸಿದ್ದು 9,18,485 ಡಾಲರ್. 2004ರಲ್ಲಿ ಡೆಲ್ ಮಾರ್‌ನಲ್ಲಿ 50,000ಕ್ಕೆ ಕೈ ಬದಲಾದ ಲಾವಾ ಮ್ಯಾನ್ ಮುಂದಿನ ಮೂರು ವರ್ಷ ಸಾಲಾಗಿ ಹಾಲಿವುಡ್ ಗೋಲ್ಡ್ ಕಪ್ ಗೆದ್ದಿತು. ಇತ್ತೀಚಿನ ದೃಷ್ಟಾಂತ ರಿಚ್ ಸ್ಟ್ರೈಕ್. 2021ರ ಸೆಪ್ಟೆಂಬರ್ 17ರಂದು ಕೆಂಟಕಿಯ ಲೂಯಿವಿಲ್‌ನ ಚರ್ಚಿಲ್ ಡೌನ್ಸ್‌ನಲ್ಲಿ ಅದನ್ನು 30,000ಕ್ಕೆ ಕ್ಲೇಮ್ ಮಾಡಿದರು. ಅದೇ ಓಟವನ್ನು ಅದು ಹದಿನೇಳಕ್ಕೂ ಹೆಚ್ಚು ಲೆಂಗ್ತ್ (ಕುದುರೆಯುದ್ದ) ಅಂತರದಿಂದ ಗೆದ್ದು, ಬಹುಮಾನವನ್ನು ಹಳೆಯ ಮಾಲೀಕನ ಮಡಿಲಿಗೆ ಹಾಕಿ, ಹೊಸ ಲಾಯಕ್ಕೆ ನಡೆಯಿತು. ಮುಂದಿನ ಮೇ ತಿಂಗಳಲ್ಲಿ ಒಂದಕ್ಕೆ ಎಂಬತ್ತರ ದರದಲ್ಲಿ ಕೆಂಟಕಿ ಡರ್ಬಿ ಗೆದ್ದಿತು. ಹಳೆಯ ಮಾಲೀಕರ ಬಗ್ಗೆ ಶಾಸ್ತ್ರ ಏನನ್ನೂ ಹೇಳುವುದಿಲ್ಲ.

ಸ್ವಾಮ್ಯಬಂಧ

ಇದು ಚಿಕ್ಕದು. ಕೊಂಡ ಕುದುರೆಯನ್ನು ಸಾಮಾನ್ಯವಾಗಿ 30 ದಿನ ಇನ್ನೊಬ್ಬರಿಗೆ ಖಾಸಗಿಯಾಗಿ ಮಾರುವಂತಿಲ್ಲ, ಪಾಲು ಕೊಡುವಂತಿಲ್ಲ; ಇನ್ನೊಂದು ಕ್ಲೇಮಿಂಗ್ ರೇಸಿನಲ್ಲಿ ಯಾರಾದರೂ ಒಯ್ದರೆ ಸರಿ. ಹಳೆಯ ಮಾಲೀಕನ ಲಾಯಕ್ಕಾಗಲಿ, ಹಳೆಯ ಟ್ರೇನರಿನ ಕೈಗಾಗಲಿ ಹಿಂತಿರುಗುವಂತಿಲ್ಲ. ತನ್ನ ಕುದುರೆಯನ್ನು ತಾನೇ ಕ್ಲೇಮ್ ಮಾಡುವಂತಿಲ್ಲ. ನೀನು ನನ್ನದನ್ನು ಮುಟ್ಟಬೇಡ, ನಾನು ನಿನ್ನದನ್ನು ಮುಟ್ಟುವುದಿಲ್ಲ ಎಂಬ ಒಳ ಒಪ್ಪಂದವೂ ಅಪರಾಧ. ಭಾವಮೈದುನನ ಹೆಸರಿನಲ್ಲಿ ಬರೆಸುವ ಉಪಾಯ ನಮ್ಮವರಿಗೆ ಮಾತ್ರ ಹೊಳೆಯುತ್ತದೆಂದು ತಿಳಿದಿದ್ದವರು ಈ ನಿಯಮಗಳನ್ನು ಓದಬೇಕು.

ಸ್ಥಾನಬಂಧ

ಕೆಲವು ರಾಜ್ಯಗಳಲ್ಲಿ ಕ್ಲೇಮಾದ ಕುದುರೆ ಆ ಕೋರ್ಸಿನ ಆ ಮೀಟ್ ಮುಗಿಯುವವರೆಗೆ ಬೇರೆಡೆ ಓಡುವಂತಿಲ್ಲ. ಮೀಟ್ ಎಂದರೆ ಒಂದೂರಿನಲ್ಲಿ ವಾರಗಟ್ಟಲೆ ನಡೆಯುವ ರೇಸಿನ ಋತು. ಓಟಕ್ಕೆ ಕುದುರೆ ಸಾಲದೆ ಹೋದರೆ ಜೂಜು ಸಾಲದು, ಜೂಜು ಸಾಲದಿದ್ದರೆ ಬಹುಮಾನ ಸಾಲದು. ಆದ್ದರಿಂದ ಇಲ್ಲಿ ಕೊಂಡದ್ದನ್ನು ಇಲ್ಲೇ ಓಡಿಸು ಎಂದು ಕೋರ್ಸಿನವರು ಹೇಳುತ್ತಾರೆ. ಈ ಬಂಧದಲ್ಲಿ ಕುದುರೆಯ ಹಿತದ ಸೋಗೂ ಇಲ್ಲ. ಅಷ್ಟರ ಮಟ್ಟಿಗೆ ಪ್ರಾಮಾಣಿಕ.

ಇದರ ಮೇಲೆ ನಡೆದ ಮಹಾವಾದವನ್ನು ಹೇಳದೆ ಮುಂದೆ ಹೋದರೆ ಗ್ರಂಥ ಅಪೂರ್ಣ. 2011ರ ಮೇ ತಿಂಗಳಲ್ಲಿ ಚರ್ಚಿಲ್ ಡೌನ್ಸ್‌ನಲ್ಲಿ ರೊಚಿಟ್ಟಾ ಎಂಬ ಹೆಣ್ಣುಕುದುರೆಯನ್ನು ಒಬ್ಬ ಮಾಲೀಕ 40,000 ಡಾಲರಿಗೆ ಕ್ಲೇಮ್ ಮಾಡಿದ. ಅವನಿಗೆ ಅದನ್ನು ಪೆನ್ಸಿಲ್ವೇನಿಯದ ಪ್ರೆಸ್ಕ್ ಐಲ್ ಡೌನ್ಸ್‌ನಲ್ಲಿ ಓಡಿಸುವ ಮನಸ್ಸು. ಕೆಂಟಕಿಯ ನಿಯಮ ಅಡ್ಡ ಬಂತು. ಬೇರೆಯವನಾಗಿದ್ದರೆ ಗೊಣಗಿ ಸುಮ್ಮನಾಗುತ್ತಿದ್ದ. ಈತ ಅಮೆರಿಕದ ಸಂವಿಧಾನವನ್ನೇ ತೆಗೆದ. ರಾಜ್ಯ ರಾಜ್ಯಗಳ ನಡುವಿನ ವ್ಯಾಪಾರವನ್ನು ನಿಯಂತ್ರಿಸುವ ಅಧಿಕಾರವನ್ನು ಸಂವಿಧಾನ ಕಾಂಗ್ರೆಸ್ಸಿಗೆ ಕೊಟ್ಟಿದೆ. ಹಾಗಾದ ಮೇಲೆ ಆ ವ್ಯಾಪಾರಕ್ಕೆ ಒಂದು ರಾಜ್ಯ ತಾನಾಗಿ ಅಡ್ಡಗೋಡೆ ಕಟ್ಟುವಂತಿಲ್ಲ ಎಂಬುದು ನ್ಯಾಯಾಲಯಗಳು ಅದರಿಂದ ತೆಗೆದ ಅರ್ಥಾಪತ್ತಿ. ನನ್ನ ಕುದುರೆ ಗಡಿ ದಾಟಿ ಓಡುವುದೂ ವ್ಯಾಪಾರವೇ, ಆದ್ದರಿಂದ ಈ ಜೈಲು ಸಂವಿಧಾನಬಾಹಿರ, ಎಂದು ಅವನ ವಾದ.

ವಾದ ಕೆಳಗಿನ ಕೋರ್ಟುಗಳನ್ನು ದಾಟಿ ಕೆಂಟಕಿಯ ಸುಪ್ರೀಂ ಕೋರ್ಟಿಗೆ ಹೋಯಿತು. ತೀರ್ಪು ಬಂದದ್ದು 2016ರಲ್ಲಿ. ರೇಸಿಗಿಳಿದ ಕುದುರೆಯ ಯೌವನಕ್ಕಿಂತ ವ್ಯಾಜ್ಯದ ಯೌವನ ದೀರ್ಘ ಎಂಬುದಕ್ಕೆ ಬೇರೆ ಪ್ರಮಾಣ ಬೇಡ. ನಿಯಮ ಕೆಂಟಕಿಯ ಮಾಲೀಕನಿಗೂ ಹೊರಗಿನವನಿಗೂ ಒಂದೇ, ವ್ಯಾಪಾರದ ಮೇಲೆ ಬೀಳುವ ಹೊರೆ ಆನುಷಂಗಿಕ, ಕ್ಲೇಮಿಂಗ್ ಎಂಬ ಏರ್ಪಾಡು ನಡೆಯಬೇಕೆಂಬ ರಾಜ್ಯದ ಹಿತ ನ್ಯಾಯವಾದದ್ದು ಎಂದು ಹೇಳಿ ನ್ಯಾಯಾಲಯ ನಿಯಮವನ್ನು ಎತ್ತಿಹಿಡಿಯಿತು. ಕಾನೂನಿನ ದೃಷ್ಟಿಯಲ್ಲಿ ತೀರ್ಪು ಗಟ್ಟಿಯಾಗಿದೆ. ಆದರೂ ನಮ್ಮ ಒಲವು ಸೋತವನ ಕಡೆಗೆ. ಚೀಟಿ ಹಾಕಿದವನು ಕುದುರೆಗೆ ಹಣ ಕೊಟ್ಟನೇ ಹೊರತು ಕೋರ್ಸಿನ ಗಲ್ಲಾಪೆಟ್ಟಿಗೆ ತುಂಬಿಸುವ ಹರಕೆ ಹೊತ್ತಿರಲಿಲ್ಲ.

ಪಾದ ಪ್ರಕರಣ

ಕೊನೆಯದು ಬಂಧವಲ್ಲ, ಬಂಧವಿಮೋಚನೆ: ಕ್ಲೇಮನ್ನೇ ಅಸಿಂಧುಗೊಳಿಸುವ ನಿಯಮ. ಬಹುಕಾಲ ಗೇಟು ತೆರೆದ ಮೇಲೆ ಏನೇ ಆದರೂ ಅದು ಕೊಂಡವನ ಹಣೆಬರಹವಾಗಿತ್ತು. ಕುದುರೆ ಕಾಲು ಮುರಿದು ಬಿದ್ದು, ಅಲ್ಲೇ ಪರದೆ ಹಿಡಿದು ಸೂಜಿ ಚುಚ್ಚಿದರೂ ಅದು ಹೊಸಬನ ಕುದುರೆ. ಇದರಿಂದ ಕೆಟ್ಟ ಬುದ್ಧಿಗೆ ನೇರ ದಾರಿ ಸಿಕ್ಕಿತು. ಕಾಲು ಕೆಟ್ಟ ಕುದುರೆಯನ್ನು ಅಗ್ಗದ ಓಟಕ್ಕೆ ಬಿಟ್ಟರೆ, ಅದು ಬಿದ್ದರೂ ನಷ್ಟ ಇನ್ನೊಬ್ಬನದು.

ಈಗ ರಾಷ್ಟ್ರಮಟ್ಟದ ಕಾಯ್ದೆಯ ಕೆಳಗೆ, 2022ರ ಜುಲೈ 1ರಿಂದ ಜಾರಿಗೆ ಬಂದ ಸುರಕ್ಷಾ ನಿಯಮಗಳಲ್ಲಿ, ಕುದುರೆ ಟ್ರ್ಯಾಕಿನಲ್ಲೇ ಸತ್ತರೆ ಕ್ಲೇಮು ರದ್ದು. ಓಟ ಮುಗಿದ ಒಂದು ಗಂಟೆಯೊಳಗೆ ಅಧಿಕೃತ ವೈದ್ಯರು ಕುಂಟು, ಮೂಗಿನ ರಕ್ತಸ್ರಾವ, ದೈಹಿಕ ಸಂಕಟ ಕಂಡು ಕುದುರೆಯನ್ನು ವೈದ್ಯರ ಪಟ್ಟಿಗೆ ಸೇರಿಸಿದರೂ ರದ್ದು. ಕುದುರೆ ಹಳೆಯ ಮಾಲೀಕನ ಬಾಗಿಲಿಗೇ ಹಿಂತಿರುಗುತ್ತದೆ.

ಇಲ್ಲಿ ಪೂರ್ವಾಚಾರ್ಯರೊಬ್ಬರನ್ನು ನೆನೆಯಲೇಬೇಕು. ಕೊಂಡ ಮೇಲೆ ಮನಸ್ಸು ಕೆಡುವುದಕ್ಕೆ ಧರ್ಮಶಾಸ್ತ್ರದಲ್ಲಿ ಕ್ರೀತಾನುಶಯ ಎಂಬ ಪ್ರತ್ಯೇಕ ವ್ಯವಹಾರಪದವೇ ಇದೆ. ಯಾಜ್ಞವಲ್ಕ್ಯನು ಪರೀಕ್ಷೆಯ ಅವಧಿಗಳನ್ನು ಗೊತ್ತುಪಡಿಸುತ್ತಾನೆ: ಬೀಜಕ್ಕೆ 10 ದಿನ, ಕಬ್ಬಿಣಕ್ಕೆ 1, ರತ್ನಕ್ಕೆ 7, ಕರೆಯುವ ಪ್ರಾಣಿಗೆ 3, ಹೊರುವ ಪ್ರಾಣಿಗೆ 5. ನಮ್ಮ ಕಲ್ಯಾಣದಲ್ಲಿ, ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ಕುಳಿತು ವಿಜ್ಞಾನೇಶ್ವರನು ಮಿತಾಕ್ಷರೆ ಬರೆದದ್ದು ಇದೇ ಸ್ಮೃತಿಯ ಮೇಲೆ. ಅಂದರೆ ಬಸವಕಲ್ಯಾಣದ ಎತ್ತು ಕೊಂಡ ರೈತನಿಗೆ ಐದು ದಿನ ಸಿಗುತ್ತಿದ್ದ ಕಡೆ, ಲೂಯಿವಿಲ್‌ನ ಕುದುರೆ ಕೊಂಡವನಿಗೆ ಒಂದು ಗಂಟೆ ಸಿಕ್ಕಿದೆ. ಒಂಬತ್ತು ಶತಮಾನ ತಡವಾಗಿ ಸಿಕ್ಕಿದ್ದಾದರೂ ಸಿಕ್ಕಿತು ಎಂದು ಲೆಕ್ಕಕ್ಕೆ ಇಟ್ಟುಕೊಳ್ಳಬೇಕು.

ತಾರತಮ್ಯ

ಉತ್ತಮ, ಮಧ್ಯಮ, ಅಧಮಗಳನ್ನು ಹೇಳದ ಶಾಸ್ತ್ರಕ್ಕೆ ಓದುಗರಿಲ್ಲ. ಕಾಲನ್ನು ನೋಡಿ ಕ್ಲೇಮು ರದ್ದುಮಾಡುವ ನಿಯಮ ಉತ್ತಮ. ಅದರ ಒಂದು ಗಂಟೆಯನ್ನು ಒಂದು ದಿನವಾಗಿ ಬೆಳೆಸಬೇಕು, ಏಕೆಂದರೆ ಓಟದ ಬಿಸಿ ಆರಿದ ಮೇಲೆ ಕಾಣಿಸಿಕೊಳ್ಳುವ ಕುಂಟು ಮರುದಿನದ್ದು. ಮೌಲ್ಯಬಂಧ ಮಧ್ಯಮ, ಬಹುಮಾನ ಬೆಲೆಯನ್ನು ಮೀರದ ಊರುಗಳಲ್ಲಿ ಒಂದು ಮೆಟ್ಟಿಲಿನ ತಡೆ ಸಾಕು, ಮೀರಿದ ಊರುಗಳಲ್ಲಿ ಸಾಲದು. ಸ್ವಾಮ್ಯಬಂಧ ಭಾವಮೈದುನರು ಇರುವವರೆಗೂ ಇರಲಿ. ಸ್ಥಾನಬಂಧ ಅಧಮ. ಸುಪ್ರೀಂ ಕೋರ್ಟು ಸಿಂಧು ಎಂದ ಮಾತ್ರಕ್ಕೆ ಅದು ಮಧ್ಯಮವಾಗುವುದಿಲ್ಲ. ಓಟಗಳಿಗೆ ಕುದುರೆ ಸಾಲದಿದ್ದರೆ ಕೋರ್ಸಿನವರು ಓಟಗಳನ್ನು ಕಡಿಮೆ ಮಾಡಿಕೊಳ್ಳಲಿ.